ಬೂದಿಗುಡ್ಡ ಸಗಣಿಯದ್ದೇ ಅಂತ ಹೇಗೆ ಗೊತ್ತು?

ಪ್ರಶ್ನೆ: ನಾನು ಬಳ್ಳಾರಿ ಕಡೆಯ ಹೈಸ್ಕೂಲ್ ಮೇಷ್ಟ್ರು. ಹೋದ ತಿಂಗಳು ಮಕ್ಕಳನ್ನು ಕುಡತಿನಿ ಬೂದಿಗುಡ್ಡಕ್ಕೆ ಕರೆದುಕೊಂಡು ಹೋಗಿದ್ದೆ. ಇದು ಹೊಸಶಿಲಾಯುಗದ ದನಗಾಹಿಗಳು ಸುಟ್ಟ ಸಗಣಿಯ ಬೂದಿ ಅಂತ ಹೇಳಿದೆ. ಒಬ್ಬ ಹುಡುಗ ತಕ್ಷಣ, 'ಸಗಣೀನೇ ಅಂತ ಹೇಗೆ ಗೊತ್ತು ಸರ್, ಸೌದೆ ಬೂದಿ ಯಾಕಾಗಿರಬಾರದು?' ಅಂದ. ಮೈಕ್ರೋಸ್ಕೋಪಿನಲ್ಲಿ ನೋಡಿದ್ದಾರಪ್ಪಾ ಅಂತ ಹೇಳಿ ಜಾರಿಕೊಂಡೆ. ನಿಜಕ್ಕೂ ಏನು ನೋಡುತ್ತಾರೆ? ಮಣ್ಣು ತಂದು ಜರಡಿ ಹಿಡಿದರೆ ಸಾಲದೇ?

ಉತ್ತರ: ಮೇಷ್ಟ್ರೇ, ಮೊದಲು ಆ ಹುಡುಗನಿಗೆ ನನ್ನ ಕಡೆಯಿಂದ ಒಂದು ಶಹಬ್ಬಾಸ್ ಹೇಳಿಬಿಡಿ. ಅವನು ಕೇಳಿದ ಪ್ರಶ್ನೆಗೆ ದೊಡ್ಡ ದೊಡ್ಡವರೇ ನೂರು ವರ್ಷಕ್ಕಿಂತ ಜಾಸ್ತಿ ಕಾಲ ಕಿತ್ತಾಡಿದ್ದಾರೆ. ಹಂಪಿ ಹತ್ತಿರದ ನಿಂಬಾಪುರದ ಬೂದಿದಿಬ್ಬವನ್ನು ವಾಲಿಯನ್ನು ಸುಟ್ಟ ಜಾಗ ಅಂತ ಜನ ಇವತ್ತಿಗೂ ತೋರಿಸುತ್ತಾರೆ. ಬ್ರಿಟಿಷರ ಕಾಲದಲ್ಲಿ ಇದು ಜ್ವಾಲಾಮುಖಿಯ ಬೂದಿ ಅಂದವರಿದ್ದರು, ಕಬ್ಬಿಣ ಕರಗಿಸಿದ ಕಿಟ್ಟ ಅಂದವರಿದ್ದರು, ಹೆಣ ಸುಟ್ಟ ಜಾಗ ಅಂದವರೂ ಇದ್ದರು. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಮಾತ್ರ ಇದು ದನದ ಸಗಣಿ ಅಂತ ಹಟ ಹಿಡಿದು ಹೇಳಿದ. 1957ರಲ್ಲಿ ಪುರಾತತ್ವಜ್ಞ ಆಲ್ಚಿನ್ ಈಗಿನ ತೆಲಂಗಾಣದ ಉಟ್ನೂರಿನಲ್ಲಿ ಅಗೆದಾಗ ದೊಡ್ಡಿಯ ಬೇಲಿ ಕಂಬ ನೆಟ್ಟ ಗುಂಡಿಗಳು ಸಿಕ್ಕವು, ದನದ ಗೊರಸಿನ ಗುರುತೂ ಸಿಕ್ಕಿತು. ಆಮೇಲೆ 1960ರಲ್ಲಿ ಝಾಯ್ನರ್ ಎಂಬ ವಿಜ್ಞಾನಿ ಬಳ್ಳಾರಿ ಜಿಲ್ಲೆಯ ಮಾದರಿಗಳನ್ನು ಲಂಡನ್ನಿನಲ್ಲಿ ಪರೀಕ್ಷೆ ಮಾಡಿ, ಇದು ಸುಟ್ಟ ಸಗಣಿಯೇ, ಕಿಟ್ಟದ ಹಾಗೆ ಕಾಣುವುದು ಕರಗಿದ ಸಗಣಿ ಬೂದಿ ಅಂತ ಬರೆದರು. ಅಲ್ಲಿಗೆ ಜ್ವಾಲಾಮುಖಿಯ ಮಾತು ನಿಂತಿತು.

ಈಗ ನಿಮ್ಮ ಜರಡಿಯ ವಿಷಯಕ್ಕೆ ಬರೋಣ. ಜರಡಿ ಬೇಕು, ಬೇಡ ಅನ್ನಲ್ಲ. ಹುರುಳಿ, ಹೆಸರು, ಕೊರಲೆಯ ಸುಟ್ಟ ಕಾಳುಗಳು ಸಿಕ್ಕಿದ್ದು ಮಣ್ಣನ್ನು ನೀರಲ್ಲಿ ತೇಲಿಸಿ ಜರಡಿ ಹಿಡಿದಿದ್ದರಿಂದಲೇ. ಆದರೆ ಒಂದು ಹೋಳಿಗೆಯನ್ನು ತಗೊಂಡು ಒರಳಲ್ಲಿ ಹಾಕಿ ಕುಟ್ಟಿಬಿಡಿ. ಬೇಳೆ ಇದೆ, ಬೆಲ್ಲ ಇದೆ, ಹಿಟ್ಟಿದೆ ಅಂತ ಯಾರಾದರೂ ಹೇಳಬಹುದು. ಹೂರಣ ಒಳಗಿತ್ತು, ಕಣಕ ಸುತ್ತ ಇತ್ತು, ಒಂದು ಕಡೆ ಸ್ವಲ್ಪ ಸೀದಿತ್ತು ಅನ್ನೋದು ಹೇಳಕ್ಕಾಗಲ್ಲ ಅಲ್ವಾ? ಮಣ್ಣೂ ಅಷ್ಟೇ. ಅದರಲ್ಲಿ ಏನಿದೆ ಅನ್ನೋದು ಅರ್ಧ ಮಾತ್ರ. ಯಾವುದರ ಪಕ್ಕ ಯಾವುದು ಕೂತಿದೆ, ಮಲಗಿದೆಯಾ ನಿಂತಿದೆಯಾ, ನಡುವೆ ಖಾಲಿ ಜಾಗ ಯಾವ ಆಕಾರದಲ್ಲಿದೆ, ಇದರಲ್ಲೇ ಉಳಿದರ್ಧ ಇರುವುದು. ಹಾಗಾಗಿ ಹಳೇ ಮಣ್ಣನ್ನು ಮೈಕ್ರೋಸ್ಕೋಪಿನಲ್ಲಿ ಓದುವ ನಮ್ಮ ಕೆಲಸದಲ್ಲಿ ಮಣ್ಣನ್ನು ಪುಡಿ ಮಾಡೋ ಹಾಗೇ ಇಲ್ಲ. ಇದ್ದ ಹಾಗೇ ಎತ್ತಿಕೊಂಡು ಬರಬೇಕು.

ಹಾಗೆ ಎತ್ತೋದಕ್ಕೊಂದು ಡಬ್ಬಿ ಇದೆ. ಆಸ್ಟ್ರಿಯಾದ ಮಣ್ಣು ವಿಜ್ಞಾನಿ ಕುಬಿಯೆನಾ ಅವರ ಹೆಸರಲ್ಲೇ ಕರೆಯುತ್ತಾರೆ. ಮಣ್ಣನ್ನು ಪುಡಿ ಮಾಡದೆ ಮೈಕ್ರೋಸ್ಕೋಪಿನಲ್ಲಿ ನೋಡುವ ಪುಸ್ತಕವನ್ನು ಅವರು 1938ರಲ್ಲೇ ಬರೆದಿದ್ದರು. ಪುರಾತತ್ವದವರು ಅದನ್ನು ಗಟ್ಟಿಯಾಗಿ ಹಿಡಿದುಕೊಂಡದ್ದು ಎಷ್ಟೋ ವರ್ಷ ಆದಮೇಲೆ. ಡಬ್ಬಿ ಅಂದರೆ ದೊಡ್ಡದೇನಲ್ಲ, ಎರಡೂ ಕಡೆ ಮುಚ್ಚಳ ಇರುವ ತಗಡಿನ ಚೌಕಟ್ಟು, ಅಂಗೈಯಷ್ಟು. ಗುಂಡಿಯ ಗೋಡೆಯನ್ನು ಕರಣೆಯಿಂದ ನೀಟಾಗಿ ಕೆರೆದು, ಎರಡು ಪದರ ಸೇರುವ ಕಡೆ ಚೌಕಟ್ಟನ್ನು ಮೆಲ್ಲಗೆ ಒತ್ತಿ, ಸುತ್ತ ಚಾಕುವಿನಲ್ಲಿ ಬಿಡಿಸಿ, ಹಿಂದಿನಿಂದ ಕತ್ತರಿಸಿ ತೆಗೆಯುತ್ತೇವೆ. ಎರಡು ಪದರದ ಗಡಿ ಯಾಕೆ ಅಂದರೆ, ಒಂದು ಕೆಲಸ ಮುಗಿದು ಇನ್ನೊಂದು ಶುರುವಾದ ಹೊತ್ತು ಇರುವುದು ಅಲ್ಲೇ. ಡಬ್ಬಿಯ ಮೇಲೆ ಮೇಲ್ಮುಖದ ಬಾಣ ಹಾಕಲೇಬೇಕು. ನಾನು ಕಲಿಯುವಾಗ ಒಂದು ಸಲ ಬಾಣ ಹಾಕೋದು ಮರೆತು, ಮೂರು ತಿಂಗಳಾದ ಮೇಲೆ ಸ್ಲೈಡ್ ಕೈಗೆ ಬಂದಾಗ ಮೇಲ್ಯಾವುದು ಕೆಳಗ್ಯಾವುದು ತಿಳಿಯದೆ ಬೆಪ್ಪನಂತೆ ಕೂತಿದ್ದೆ. ಬೂದಿ ಅಂತೂ ಇನ್ನೂ ಕಷ್ಟ. ಒತ್ತಿದರೆ ಉದುರುತ್ತೆ. ಅದಕ್ಕೆ ಟಿಶ್ಯೂ ಕಾಗದ ಸುತ್ತಿ, ಮೇಲೆ ಟೇಪ್ ಹಾಕಿ, ಬಸ್ಸಿನಲ್ಲಿ ತೊಡೆ ಮೇಲಿಟ್ಟುಕೊಂಡು ಕೂಸಿನ ಹಾಗೆ ತರಬೇಕು. ಲಗೇಜಿನ ಜಾಗದಲ್ಲಿಟ್ಟರೆ ಲ್ಯಾಬಿಗೆ ಬರೋ ಹೊತ್ತಿಗೆ ಅದು ನಿಮ್ಮ ಜರಡಿಗೇ ಸರಿ.

ಲ್ಯಾಬಿನ ಕೆಲಸ ನಿಧಾನದ್ದು. ಮಣ್ಣನ್ನು ಪೂರ್ತಿ ಒಣಗಿಸಿ ಅದರ ಮೇಲೆ ತೆಳ್ಳನೆಯ ರೆಸಿನ್, ಅಂದರೆ ಆಮೇಲೆ ಗಟ್ಟಿಯಾಗುವ ಅಂಟು, ಹೊಯ್ಯುತ್ತಾರೆ. ಗಾಳಿ ಎಳೆದು ತೆಗೆದರೆ ರೆಸಿನ್ ಸಣ್ಣ ಸಣ್ಣ ಸಂದಿಗೂ ಇಳಿಯುತ್ತೆ. ಅದು ಕಲ್ಲಾಗೋಕೆ ವಾರಗಟ್ಟಲೆ ಬೇಕು. ಆಮೇಲೆ ವಜ್ರದ ಹಲ್ಲಿನ ಗರಗಸದಿಂದ ಬಿಲ್ಲೆ ಕೊಯ್ದು, ಗಾಜಿಗೆ ಅಂಟಿಸಿ, 30 ಮೈಕ್ರಾನ್ ದಪ್ಪಕ್ಕೆ ಬರೋವರೆಗೂ ಉಜ್ಜುತ್ತಾರೆ. ನಮ್ಮ ತಲೆಕೂದಲಿನ ಅರ್ಧ ದಪ್ಪವೂ ಇಲ್ಲ. 30 ಆಯಿತು ಅಂತ ಹೇಗೆ ಗೊತ್ತಾಗುತ್ತೆ? ಇದು ನನಗೆ ತುಂಬಾ ಇಷ್ಟವಾದ ಚಮತ್ಕಾರ. ಮೈಕ್ರೋಸ್ಕೋಪಿನಲ್ಲಿ ಎರಡು ಪೋಲರೈಸರ್ (ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನು ಮಾತ್ರ ಬಿಡುವ ಪೊರೆ) ಅಡ್ಡಡ್ಡ ಇಟ್ಟು ನೋಡಿದರೆ ಸ್ಫಟಿಕದ ಮರಳು ಕಾಳಿಗೆ ಬಣ್ಣ ಬರುತ್ತೆ. ಪದರ ದಪ್ಪ ಇದ್ದರೆ ಹಳದಿ, ಕೆಂಪು. 30ಕ್ಕೆ ಬಂದಾಗ ಬೂದು ಬಿಳಿ. ಮರಳು ಯಾವ ಮಣ್ಣಲ್ಲಿ ಇರಲ್ಲ ಹೇಳಿ! ಅದನ್ನೇ ನೋಡುತ್ತಾ ಉಜ್ಜಿ, ಬೂದು ಬಿಳಿ ಬಂದಾಗ ನಿಲ್ಲಿಸುತ್ತಾರೆ. ಅರ್ಧ ನಿಮಿಷ ಜಾಸ್ತಿ ಉಜ್ಜಿದರೆ ನಾಲ್ಕು ಸಾವಿರ ವರ್ಷದ ನೆಲ ಬಚ್ಚಲು ಸೇರುತ್ತೆ.

ಸರಿ, ಹುಡುಗನ ಪ್ರಶ್ನೆ. ಸೌದೆ ಬೂದಿಯಾ, ಸಗಣಿ ಬೂದಿಯಾ?

ಮರದ ಕಟ್ಟಿಗೆಯಲ್ಲಿ, ತೊಗಟೆಯಲ್ಲಿ ಕ್ಯಾಲ್ಸಿಯಂ ಆಕ್ಸಲೇಟ್‌ನ ಸಣ್ಣ ಹರಳುಗಳಿರುತ್ತವೆ. ಸುಟ್ಟಾಗ ಅವು ಸುಣ್ಣದ ಹರಳಾಗಿ ಬದಲಾಗುತ್ತವೆ, ಆದರೆ ಹಳೇ ಆಕಾರ ಹಾಗೇ ಉಳಿಯುತ್ತೆ. ಸ್ಲೈಡಿನಲ್ಲಿ ಸಣ್ಣ ಸಣ್ಣ ವಜ್ರಾಕಾರದ ಮೂಲೆ ಮೂಲೆ ಹರಳು ಕಂಡರೆ, ಜೊತೆಗೆ ಇದ್ದಿಲ ಚೂರಿದ್ದರೆ, ಸೌದೆ ಕಡೆಗೆ ಮನಸ್ಸು ವಾಲುತ್ತೆ. ಹುಲ್ಲಿನ ಕತೆ ಬೇರೆ. ಹುಲ್ಲು, ಜೋಳದ ದಂಟು, ಭತ್ತ, ಇವು ನೆಲದಿಂದ ಸಿಲಿಕಾ ಎಳೆದುಕೊಂಡು ತಮ್ಮ ಜೀವಕೋಶದಲ್ಲಿ ತುಂಬಿಕೊಳ್ಳುತ್ತವೆ. ಹುಲ್ಲು ಕೊಯ್ಯುವಾಗ ಗರಿ ಕೈ ಕೊಯ್ಯುತ್ತಲ್ಲ, ಅದರಲ್ಲಿ ಈ ಸಿಲಿಕಾದ ಪಾಲೂ ಇದೆ. ಆ ಕೋಶದ ಅಚ್ಚಿಗೆ ಫೈಟೋಲಿತ್ ಅಂತಾರೆ. ದನದ ಹೊಟ್ಟೆಯೂ ಅದನ್ನು ಅರಗಿಸಲ್ಲ, ಬೆಂಕಿಗೂ ಅದು ಸುಲಭಕ್ಕೆ ಜಗ್ಗಲ್ಲ. ಡಮರುಗದ ಆಕಾರದವು, ಗರಗಸದ ಅಂಚಿನ ಉದ್ದನೆಯವು, ಹೀಗೆ ಬಗೆಬಗೆ. ಇವು ರಾಶಿ ರಾಶಿ ಇದ್ದರೆ ಅಲ್ಲಿ ಸುಟ್ಟಿದ್ದು ಹುಲ್ಲು, ಇಲ್ಲಾ ಹುಲ್ಲು ತಿಂದ ಪ್ರಾಣಿಯ ಸಗಣಿ.

ಎರಡರಲ್ಲಿ ಯಾವುದು ಅಂತ ಹೇಳೋಕೆ ಇನ್ನೊಂದು ಸಾಕ್ಷಿ ಇದೆ. ಮೆಲುಕು ಹಾಕುವ ಪ್ರಾಣಿಗಳ ಕರುಳಿನಲ್ಲಿ ಸುಣ್ಣದ ಪುಟ್ಟ ಪುಟ್ಟ ಗುಂಡುಗಳಾಗುತ್ತವೆ. ಹೆಸರು ಸ್ಫೆರುಲೈಟ್. ಹೆಚ್ಚಾಗಿ 5ರಿಂದ 20 ಮೈಕ್ರಾನ್ ಅಷ್ಟೇ. ಸಾಮಾನ್ಯ ಬೆಳಕಲ್ಲಿ ಅವು ಕಣ್ಣಿಗೇ ಬೀಳಲ್ಲ. ಪೋಲರೈಸರ್ ಅಡ್ಡ ತಿರುಗಿಸಿದ ಕೂಡಲೇ ಕಪ್ಪು ಆಕಾಶದಲ್ಲಿ ಚುಕ್ಕಿ ಮೂಡಿದ ಹಾಗೆ ಮೂಡುತ್ತವೆ, ಪ್ರತಿ ಚುಕ್ಕಿಯ ಮೇಲೂ ಒಂದು ಕಪ್ಪು ಅಧಿಕ ಚಿಹ್ನೆ. ಸ್ಲೈಡನ್ನು ತಿರುಗಿಸಿ, ಚುಕ್ಕಿ ಸುತ್ತುತ್ತೆ, ಚಿಹ್ನೆ ಮಾತ್ರ ಅಲ್ಲೇ ನಿಂತಿರುತ್ತೆ. ಮೊದಲ ಸಲ ನೋಡಿದಾಗ ನಾನು ಊಟಕ್ಕೆ ಎದ್ದು ಹೋಗಿರಲಿಲ್ಲ. ಕುರಿ ಮೇಕೆ ಹಿಕ್ಕೆಯಲ್ಲಿ ಇವು ಜಾಸ್ತಿ, ದನದ ಸಗಣಿಯಲ್ಲಿ ಕಮ್ಮಿ. ಸುಮಾರು 500ರಿಂದ 700 ಡಿಗ್ರಿ ಬಿಸಿ ತಗುಲಿದರೆ ಕೆಲವು ಕಪ್ಪಗಾಗುತ್ತವೆ, ಅದಕ್ಕಿಂತ ಜಾಸ್ತಿಯಾದರೆ ಹಾಳಾಗುತ್ತವೆ. ಮಣ್ಣಿನಲ್ಲಿ ಹುಳಿ ಇದ್ದರೂ ಕರಗಿಹೋಗುತ್ತವೆ. ಹಾಗಾಗಿ ಸ್ಫೆರುಲೈಟ್ ಕಂಡರೆ ಸಗಣಿ ಇತ್ತು ಅನ್ನಬಹುದು. ಕಾಣಲಿಲ್ಲ ಅಂದ ಮಾತ್ರಕ್ಕೆ ಇರಲೇ ಇಲ್ಲ ಅನ್ನೋ ಹಾಗಿಲ್ಲ.

ಇಷ್ಟನ್ನೂ ಪುಡಿ ಮಾಡಿದ ಮಣ್ಣಲ್ಲೂ ನೋಡಬಹುದಲ್ಲ ಅಂತ ನೀವು ಕೇಳಬಹುದು. ನಿಜ, ನೋಡಬಹುದು. ನೋಡಕ್ಕಾಗದೆ ಇರುವುದು ಏನು ಅಂದರೆ, ದೊಡ್ಡಿಯಲ್ಲಿ ದನ ತುಳಿದು ತುಳಿದು ಚಪ್ಪಟೆಯಾದ ಸಗಣಿಯಲ್ಲಿ ಹುಲ್ಲಿನ ಎಳೆಗಳೆಲ್ಲ ಒಂದರ ಮೇಲೊಂದು ಅಡ್ಡ ಮಲಗಿ, ಅಲೆ ಅಲೆಯಾಗಿ ಪದರ ಕಟ್ಟಿರುತ್ತವೆ. ನಡುನಡುವೆ ಅಡ್ಡ ಬಿರುಕು. ಅದೇ ಸಗಣಿಯನ್ನು ಬುಟ್ಟಿಯಲ್ಲಿ ಹೊತ್ತು ತಂದು ತಿಪ್ಪೆಗೆ ಸುರಿದಿದ್ದರೆ ಎಳೆಗಳು ಹೇಗೆಂದರೆ ಹಾಗೆ ಬಿದ್ದಿರುತ್ತವೆ, ಉಂಡೆ ಉಂಡೆ, ನಡುವೆ ಪೊಳ್ಳು. ದನ ಇಲ್ಲೇ ಕಟ್ಟಿದ್ದರಾ, ಬೇರೆ ಕಡೆ ಕಟ್ಟಿ ಸಗಣಿ ಇಲ್ಲಿಗೆ ತಂದರಾ ಅನ್ನೋದು ಬೂದಿಗುಡ್ಡದ ವಿಷಯದಲ್ಲಿ ದೊಡ್ಡ ಪ್ರಶ್ನೆ. ಉಟ್ನೂರನ್ನು ನೋಡಿ ಆಲ್ಚಿನ್ ದೊಡ್ಡಿ ಅಂದರು. 1990ರ ದಶಕದಲ್ಲಿ ಪುರಾತತ್ವಜ್ಞ ಪದ್ದಯ್ಯನವರು ಸುರಪುರ ಕಡೆಯ ಬೂದಿಹಾಳದಲ್ಲಿ ಅಗೆದಾಗ, ಬೂದಿಯ ಮಗ್ಗುಲಲ್ಲೇ ಜನ ವಾಸವಿದ್ದ ಜಾಗ, ದನ ಕಡಿದು ಮಾಂಸ ಬಿಡಿಸಿದ ನೆಲ ಎಲ್ಲ ಸಿಕ್ಕಿ, ಇದು ಬರೀ ದೊಡ್ಡಿಯಲ್ಲ, ಒಂದು ಊರೇ ಅಂತ ತೋರಿಸಿಕೊಟ್ಟರು. ಇಂಥ ಕಡೆ ತುಳಿದ ಸಗಣಿ ಎಲ್ಲಿ, ಸುರಿದ ಸಗಣಿ ಎಲ್ಲಿ ಅಂತ ಬಿಡಿಸೋಕೆ ಬೆರಳುದ್ದದ ಒಂದು ಸ್ಲೈಡಿಗಿಂತ ಒಳ್ಳೆ ಸಾಧನ ನನಗೆ ಗೊತ್ತಿಲ್ಲ.

ಆ ಗಾಜಿನಂಥ ಕಿಟ್ಟ ನಿಮ್ಮ ಮಕ್ಕಳೂ ಎತ್ತಿ ನೋಡಿರಬೇಕು. ಹಗುರ, ಒಳಗೆಲ್ಲ ಗುಳ್ಳೆ. ಬರೀ ಸಿಲಿಕಾ ಕರಗಬೇಕಾದರೆ 1700 ಡಿಗ್ರಿ ಬೇಕು, ಸಗಣಿ ಬೆಂಕಿಗೆ ಅಷ್ಟು ಕಾವು ಎಲ್ಲಿಂದ ಬರಬೇಕು? ಆದರೆ ಹುಲ್ಲಿನ ಬೂದಿಯಲ್ಲಿ ಪೊಟ್ಯಾಶ್ ಇದೆ. ಗಾಜು ಮಾಡುವವರು ಮರಳಿಗೆ ಕ್ಷಾರ ಬೆರೆಸಿ ಬೇಗ ಕರಗಿಸುತ್ತಾರಲ್ಲ, ಇಲ್ಲಿ ಅದೇ ಕೆಲಸ ತಾನಾಗೇ ಆಗುತ್ತೆ. ಸ್ಲೈಡಿನಲ್ಲಿ ಇದರ ಹಂತ ಹಂತವೂ ಕಾಣುತ್ತೆ: ಒಂದು ಕಡೆ ಫೈಟೋಲಿತ್ ಗಟ್ಟಿಯಾಗಿದೆ, ಪಕ್ಕದಲ್ಲಿ ಅಂಚು ಮೆತ್ತಗಾಗಿದೆ, ಇನ್ನೂ ಪಕ್ಕಕ್ಕೆ ಸರಿದರೆ ಎಲ್ಲ ಕರಗಿ ಗುಳ್ಳೆ ಗುಳ್ಳೆ ಗಾಜು. ಒಂದೇ ಸ್ಲೈಡಿನಲ್ಲಿ ಬೆಂಕಿ ಯಾವ ಕಡೆ ಜೋರಾಗಿತ್ತು ಅಂತ ಬೆರಳಿಟ್ಟು ತೋರಿಸಬಹುದು.

ಬೆಂಕಿ ಒಂದೇ ಸಲ ಇಟ್ಟರಾ, ಮತ್ತೆ ಮತ್ತೆಯಾ ಅನ್ನೋದಕ್ಕೂ ಗುರುತುಗಳಿವೆ. ಬೂದಿಯ ಮೇಲೆ ಮಳೆ ಬಿದ್ದರೆ ತೆಳ್ಳನೆಯ ಹೊರಪು ಕಟ್ಟುತ್ತೆ. ನೀರು ಹರಿದು ನಿಂತ ಕಡೆ ನಯವಾದ ಮಣ್ಣಿನ ಗೀಟು ಬೀಳುತ್ತೆ. ಬೇರು ಇಳಿಯುತ್ತೆ, ಹುಳ ಕೊರೆಯುತ್ತೆ. ಎರಡು ಬೂದಿ ಪದರದ ನಡುವೆ ಇವೆಲ್ಲ ಇದ್ದರೆ, ಆ ಎರಡು ಬೆಂಕಿಗಳ ನಡುವೆ ಮಳೆಗಾಲ ಕಳೆದಿದೆ. ಇಲ್ಲದಿದ್ದರೆ ಬೆಂಕಿಯ ಮೇಲೆ ಬೆಂಕಿ. ಎಷ್ಟು ವರ್ಷದ ಹಿಂದಿನ ಮಳೆ ಅಂತ ಸ್ಲೈಡ್ ಹೇಳಲ್ಲ, ಅದಕ್ಕೆ ಇದ್ದಿಲನ್ನೋ ಕಾಳನ್ನೋ ಕಾರ್ಬನ್ ಪರೀಕ್ಷೆಗೆ ಕಳಿಸಬೇಕು.

ಇದನ್ನೆಲ್ಲ ಓದೋದು ಹೇಗೆ ಕಲಿಯೋದು ಅಂದರೆ, ಈಗಿನ ಕೊಟ್ಟಿಗೆ, ಈಗಿನ ಮನೆ ನೋಡಿಯೇ. ನಮ್ಮಜ್ಜಿ ಮನೆಯ ನೆಲ ಸಗಣಿ ಸಾರಿಸಿದ್ದು. ಮನೆ ಕೆಡವುವಾಗ ಅಡುಗೆಮನೆಯಿಂದ ಒಂದು ಹೆಂಟೆ ಎತ್ತಿಟ್ಟುಕೊಂಡಿದ್ದೆ. ಅಕ್ಕ ತಂಗಿಯರು ಅಜ್ಜಿಯ ತಂಬಿಗೆಗೆ ಜಗಳಾಡುತ್ತಿದ್ದರು, ನಾನು ನೆಲ ತಗೊಂಡೆ. ಅದರ ಸ್ಲೈಡಿನಲ್ಲಿ ಸಗಣಿಯ ಕಂದು ಗೆರೆ, ಮೇಲೆ ಮಣ್ಣಿನ ಗೆರೆ, ಮತ್ತೆ ಸಗಣಿ, ಹೀಗೆ ಪುಸ್ತಕದ ಹಾಳೆಯ ಹಾಗೆ ಒತ್ತಿಕೊಂಡಿವೆ. ಒಲೆ ಪಕ್ಕದ ಹೆಂಟೆ ಅಲ್ವಾ, ಗೆರೆಗಳ ನಡುವೆ ಬೂದಿಯ ಚುಕ್ಕಿ, ಒಂದು ಕಡೆ ಒಂದು ಸುಟ್ಟ ಸಾಸಿವೆಯ ಸಿಪ್ಪೆ. ಒಗ್ಗರಣೆಯಲ್ಲಿ ಸಿಡಿದದ್ದಿರಬೇಕು. ಟರ್ಕಿಯ ಚಾತಾಲ್‌ಹ್ಯೂಯೂಕ್ ಎಂಬ ಒಂಬತ್ತು ಸಾವಿರ ವರ್ಷದ ಊರಿನ ಗೋಡೆಗಳಲ್ಲೂ ಹೀಗೇ, ಬಿಳಿ ಗಾರೆಯ ಪದರದ ಮೇಲೆ ಹೊಗೆಯ ಮಸಿ, ಮತ್ತೆ ಗಾರೆ, ಮತ್ತೆ ಮಸಿ. ಬರಿಗಣ್ಣಿಗೆ ಒಂದೇ ಗೋಡೆ, ಮೈಕ್ರೋಸ್ಕೋಪಿನಲ್ಲಿ ವರ್ಷ ವರ್ಷದ ಬಳಿಯೋ ಕೆಲಸ.

ನಿಮ್ಮ ಸೀಮೆಯಲ್ಲಿ ಒಂದು ತಲೆನೋವಿದೆ, ಅದನ್ನೂ ಹೇಳಿಬಿಡುತ್ತೇನೆ. ಎರೆಮಣ್ಣು. ಬೇಸಿಗೆಯಲ್ಲಿ ಕಾಲು ಸಿಕ್ಕಿಕೊಳ್ಳೋ ಹಾಗೆ ಬಿರಿಯುತ್ತೆ, ಮಳೆ ಬಂದರೆ ಉಬ್ಬಿ ಮುಚ್ಚಿಕೊಳ್ಳುತ್ತೆ. ಬಿರುಕಿನೊಳಗೆ ಮೇಲಿನ ಮಡಕೆ ಚೂರು, ಕಾಳು, ಹೋದ ವರ್ಷದ ಪ್ಲಾಸ್ಟಿಕ್ಕು ಎಲ್ಲ ಇಳಿಯುತ್ತೆ. ಗುಂಡಿ ತೋಡಿದಾಗ ಎರಡಡಿ ಕೆಳಗೆ ಕಾಳು ಸಿಕ್ಕಿತು ಅಂತ ಕುಣಿಯೋ ಮೊದಲು ಮಣ್ಣು ಹೊರಳಿದೆಯಾ ನೋಡಬೇಕು. ಹೊರಳಿದ ಎರೆಯಲ್ಲಿ ಜೇಡಿಯ ಕಣಗಳು ಒಂದಕ್ಕೊಂದು ಉಜ್ಜಿ ಉಜ್ಜಿ ಸಾಲಾಗಿ ನಿಂತಿರುತ್ತವೆ, ಪೋಲರೈಸರ್ ಅಡ್ಡ ಇಟ್ಟಾಗ ಹೊಳೆಯೋ ಪಟ್ಟಿಗಳಾಗಿ ಕಾಣುತ್ತವೆ. ಗೆದ್ದಲಿನದು ಇನ್ನೊಂದು ಉಪದ್ರವ. ಅದು ಕೆಳಗಿನ ಮಣ್ಣನ್ನು ಮೇಲೆ ತಂದು ಎಂಜಲು ಹಚ್ಚಿ ಮೆತ್ತುತ್ತೆ. ಒಮ್ಮೆ ನಮ್ಮ ಗೆಳೆಯರ ಗುಂಪು ಒಳ್ಳೆ ಗಾರೆ ನೆಲ ಸಿಕ್ಕಿತು ಅಂತ ಇಡೀ ದಿನ ಚಿತ್ರ ಬರೆದುಕೊಂಡಿತ್ತು. ಸ್ಲೈಡ್ ನೋಡಿದರೆ ಪುಟ್ಟ ಪುಟ್ಟ ಮಣ್ಣಿನ ಗೋಲಿ, ಎಲ್ಲ ಒಂದೇ ಅಳತೆ. ಗೆದ್ದಲು ಕಟ್ಟಿದ ನೆಲ.

ಮೈಕ್ರೋಸ್ಕೋಪ್ ಕೆಲವು ಸಲ 'ಇದು ಬೂದಿಯಲ್ಲ' ಅಂತಲೂ ಹೇಳುತ್ತೆ ಅನ್ನೋದಕ್ಕೆ ಚೀನಾದ ಝೌಕೌಡಿಯನ್ ಗುಹೆ ನೋಡಿ. ಆದಿಮಾನವ ಅಲ್ಲಿ ಒಲೆ ಹಾಕಿದ್ದ ಅಂತ ಎಷ್ಟೋ ದಶಕ ಪಾಠದಲ್ಲಿ ಬರೆದಿದ್ದರು, ದಪ್ಪ ಬೂದಿ ಪದರ ಇದೆ ಅಂತ. 1998ರಲ್ಲಿ ವೈನರ್, ಗೋಲ್ಡ್‌ಬರ್ಗ್ ಮತ್ತವರ ಜೊತೆಗಾರರು ಆ ಪದರದ ಮಾದರಿ ನೋಡಿದರೆ ಸೌದೆ ಬೂದಿಯ ಗುರುತಿಲ್ಲ, ನೀರು ತಂದು ಹಾಕಿದ ನಯ ಮಣ್ಣು. ಅಲ್ಲಿ ಬೆಂಕಿ ಇತ್ತಾ ಇಲ್ಲವಾ ಅನ್ನೋ ಜಗಳ ಆಮೇಲೂ ನಡೆದಿದೆ. ದಕ್ಷಿಣ ಆಫ್ರಿಕಾದ ವಂಡರ್‌ವರ್ಕ್ ಗುಹೆಯಲ್ಲಿ ಉಲ್ಟಾ ಆಯಿತು. ಕಣ್ಣಿಗೆ ಒಲೆ ಕಾಣಲಿಲ್ಲ. 2012ರಲ್ಲಿ ಸ್ಲೈಡ್ ನೋಡಿದಾಗ ಸುಟ್ಟ ಮೂಳೆಯ ಚೂರು, ಸಸ್ಯದ ಬೂದಿ, ಅದೂ ಬಾಗಿಲಿನಿಂದ 30 ಮೀಟರ್ ಒಳಗೆ, ಹತ್ತು ಲಕ್ಷ ವರ್ಷ ಹಳೆಯದು.

ಹುಡುಗ ಮುಂದಿನ ಸಲ 'ಸಗಣಿ ಸರಿ, ಸುಟ್ಟಿದ್ದು ಯಾಕೆ?' ಅಂತ ಕೇಳೇ ಕೇಳುತ್ತಾನೆ. ಒಲೆಗೆ, ಹೊಲಕ್ಕೆ ಆಗೋ ಸಗಣಿಯನ್ನು ಗುಡ್ಡ ಮಾಡಿ ಬೆಂಕಿ ಇಡೋದು ಅಂದರೆ ಸುಮ್ನೆ ಅಲ್ಲ. ಆಲ್ಚಿನ್ ಅವರು ಸಂಕ್ರಾಂತಿ, ಹೋಳಿ ಥರದ ಹಬ್ಬದ ಬೆಂಕಿ ಇರಬಹುದು ಅಂದರು. ಮಂಡ್ಯ ಮೈಸೂರು ಕಡೆ ಸಂಕ್ರಾಂತಿಗೆ ದನಗಳನ್ನು ಕಿಚ್ಚು ಹಾಯಿಸೋದು ನೋಡಿದವರಿಗೆ ಆ ಮಾತು ಸುಳ್ಳು ಅನ್ನಿಸಲ್ಲ. ನೊಣ, ಉಣ್ಣೆ, ರೋಗದ ಕಾಟಕ್ಕೆ ಸುಟ್ಟರು ಅನ್ನೋವರೂ ಇದ್ದಾರೆ. ನನ್ನನ್ನು ಕೇಳಿದರೆ ಎರಡೂ ಒಟ್ಟಿಗೇ ಇದ್ದಿರಬಹುದು, ನಮ್ಮ ಹಬ್ಬಗಳಲ್ಲಿ ಕೊಟ್ಟಿಗೆ ಗುಡಿಸೋದೂ ಪೂಜೆಯೂ ಬೇರೆ ಬೇರೆ ಎಲ್ಲಿದೆ? ಆದರೆ ಇದು ನನ್ನ ಅನಿಸಿಕೆ, ಸ್ಲೈಡಿನ ಮಾತಲ್ಲ. ಸ್ಲೈಡು ಎಷ್ಟು ಕಾವು, ಎಷ್ಟು ಸಲ, ಒದ್ದೆಯಾಗಿತ್ತಾ ಒಣಗಿತ್ತಾ ಅಂತ ಹೇಳಿ ಸುಮ್ಮನಾಗುತ್ತೆ.

ಮಕ್ಕಳಿಗೆ ತೋರಿಸಬೇಕಾದರೆ ದಯವಿಟ್ಟು ಗುಡ್ಡ ಕೆರೆಯಬೇಡಿ. ಗೊಬ್ಬರಕ್ಕೆ ಅಂತ ಗಾಡಿಗಟ್ಟಲೆ ಹೊತ್ತೇ ಎಷ್ಟೋ ಬೂದಿದಿಬ್ಬ ಹಾಳಾಗಿವೆ. ಊರಲ್ಲಿ ಯಾರ ಮನೆಯಲ್ಲಾದರೂ ಒಂದು ಕುಳ್ಳು ಸುಟ್ಟು ಆ ಬೂದಿ ತನ್ನಿ, ಚಿಟಿಕೆ ಬೂದಿಗೆ ಒಂದು ಹನಿ ನೀರು, ಸ್ಕೂಲಿನ ಮೈಕ್ರೋಸ್ಕೋಪಿನಲ್ಲಿ 400 ಪಟ್ಟು ದೊಡ್ಡದು ಮಾಡಿ ನೋಡಿದರೆ ಫೈಟೋಲಿತ್ ಸಿಗುತ್ತವೆ. ಅಂಗಡಿಯ ವಿಭೂತಿ ಗಟ್ಟಿ ಪುಡಿ ಮಾಡಿ ಪಕ್ಕದಲ್ಲಿಟ್ಟು ನೋಡಿ, ನಾನು ನೋಡಿದ ಒಂದರಲ್ಲಿ ಹುಲ್ಲಿನ ಸುಳಿವೇ ಇರಲಿಲ್ಲ. ಸ್ಫೆರುಲೈಟ್ ನೋಡಬೇಕಾದರೆ ಒಂದು ಹಾಳಾದ ಕ್ಯಾಲ್ಕುಲೇಟರ್ ಬಿಚ್ಚಿ. ಪರದೆಯ ಮೇಲಿನ ಪೊರೆ ಪೋಲರೈಸರ್ರೇ. ಎರಡು ತುಂಡು ಮಾಡಿ ಒಂದನ್ನು ಸ್ಲೈಡಿನ ಕೆಳಗಿಟ್ಟು, ಇನ್ನೊಂದನ್ನು ಕಣ್ಣಿಡುವ ಮಸೂರದ ಮೇಲಿಟ್ಟು ಕತ್ತಲಾಗೋವರೆಗೂ ತಿರುಗಿಸಿ. ಇದಕ್ಕೆ ಬೆಳ್ಳಗೆ ಸುಟ್ಟ ಬೂದಿ ಬೇಡ, ಒಣಗಿದ ಕುರಿ ಹಿಕ್ಕೆಯನ್ನು ಪುಡಿ ಮಾಡಿ ಬಳಸಿ. ರೊಟ್ಟಿ ಬಡಿದ ಕೈಯಲ್ಲಿ ಮಾತ್ರ ಮುಟ್ಟಬೇಡಿ, ಜೋಳದ ಹಿಟ್ಟಿನ ಕಣವೂ ಅದೇ ಕಪ್ಪು ಅಧಿಕ ಚಿಹ್ನೆ ತೋರಿಸಿ ಮೋಸ ಮಾಡುತ್ತೆ. ಅನುಮಾನ ಬಂದರೆ ಒಂದು ಹನಿ ಅಯೋಡಿನ್ ಬಿಡಿ, ಹಿಟ್ಟಾದರೆ ಕಡುನೀಲಿ. ಬೇರೆ ಸ್ಲೈಡಿಗೆ ನಿಂಬೆರಸ ಬಿಡಿ, ಸ್ಫೆರುಲೈಟ್ ಆದರೆ ಗುಳ್ಳೆ ಬಿಡುತ್ತಾ ಕಣ್ಣೆದುರೇ ಕರಗುತ್ತೆ.